ನೂರಕ್ಕೆ ನಲವತ್ತು: ಒಂದು ಅಮೆರಿಕನ್ ಜಿಲ್ಲೆಯ ಶಾಲೆಗಳ ಕಥೆ



ಅಕ್ಕಲಕೋಟೆ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಓದಿದ್ದು 1966ರಿಂದ 1973ರವರೆಗೆ. ಗೌಡರ ಮಗ, ಕುಂಬಾರರ ಮಗ, ಹೊಲಕ್ಕೆ ಕೂಲಿ ಹೋಗುವವರ ಮಕ್ಕಳು, ಎಲ್ಲರೂ ಗೋಣಿತಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಕೂಡುತ್ತಿದ್ದೆವು. ಊರಲ್ಲಿ ಸಮಾನತೆ ಇತ್ತೆಂದು ನಾನು ಹೇಳುವುದಿಲ್ಲ. ನೀರಿನ ಹರವಿಯನ್ನು ಯಾರು ಮುಟ್ಟಬೇಕು, ಯಾರು ದೂರ ನಿಲ್ಲಬೇಕು ಎಂಬುದು ಒಂದನೆಯ ಇಯತ್ತೆಯ ಹುಡುಗನಿಗೂ ಗೊತ್ತಿತ್ತು. ಆದರೆ ಒಂದು ಮಳೆಗಾಲದಲ್ಲಿ ಹಂಚು ಸೋರಿ ಗೌಡರ ಮಗನ ಪಾಟಿ, ಪುಸ್ತಕ ತೊಯ್ದಾಗ ಎಂಟು ದಿನದೊಳಗೆ ಹೊಸ ಹಂಚು ಬಂದವು. ಗೌಡರು ತಾಲೂಕಿಗೆ ಹೋಗಿ ಒಂದು ಮಾತು ಹೇಳಿ ಬಂದಿದ್ದರು, ಅಷ್ಟೇ.

ಈಗ ಅಗಸಿಯ ಮುಂದೆ ಮುಂಜಾನೆ ಹಳದಿ ಬಸ್ಸು ಬಂದು ನಿಲ್ಲುತ್ತದೆ. ಗೌಡರ ಮೊಮ್ಮಗ ಅದನ್ನೇರಿ ಪಟ್ಟಣದ ಇಂಗ್ಲಿಷ್ ಶಾಲೆಗೆ ಹೋಗುತ್ತಾನೆ. ಊರ ಶಾಲೆಯಲ್ಲಿ ಉಳಿದವರು ಬೇರೆ ದಾರಿ ಇಲ್ಲದವರ ಮಕ್ಕಳು. ಹಂಚು ಸೋರಿದರೆ ತಾಲೂಕಿಗೆ ಹೋಗಿ ಹೇಳುವವರು ಯಾರು? ಒಂದು ದಿನದ ಕೂಲಿ ಬಿಟ್ಟು ಹೋಗುವವರು ಯಾರು?

ಇದನ್ನು ನೀವೂ ನಿಮ್ಮ ನಿಮ್ಮ ಊರುಗಳಲ್ಲಿ ಕಂಡಿದ್ದೀರಿ. ಬಡವರ ಶಾಲೆ ಒಂದು, ಉಳ್ಳವರ ಶಾಲೆ ಇನ್ನೊಂದು ಆಗದಂತೆ ತಡೆಯಲು ಬರುತ್ತದೆಯೇ? ದೂರದ ಅಮೆರಿಕದಲ್ಲಿ ಒಂದು ಜಿಲ್ಲೆಯ ಜನ ಇದನ್ನು ನಿಯಮ ಮಾಡಿ, ಲೆಕ್ಕ ಹಾಕಿ, ಬಸ್ಸು ಓಡಿಸಿ ಮಾಡಿ ನೋಡಿದರು. ಹತ್ತು ವರ್ಷ ನಡೆಸಿದರು, ಆಮೇಲೆ ಜಗಳಾಡಿ ಮುರಿದರು. ಆ ಚರಿತ್ರೆಯನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಬ್ಯಾಂಕಿನ ಕೌಂಟರಿನಲ್ಲಿ ಜೀವ ಸವೆಸಿದ ಗುಮಾಸ್ತನಿಗೆ ಅಮೆರಿಕದ ಶಾಲೆಗಳ ಉಸಾಬರಿ ಎಲ್ಲಿಂದ ಬಂತು ಎಂದು ಕೇಳಬಹುದು. ನನ್ನ ತಂಗಿಯ ಮಗಳು ಉತ್ತರ ಕೆರೊಲಿನಾ ರಾಜ್ಯದಲ್ಲಿದ್ದಾಳೆ. ಅಳಿಯ ಕಂಪ್ಯೂಟರ್ ಕೆಲಸದವನು. ನಿವೃತ್ತನಾದ ಮೇಲೆ 2023ರಲ್ಲಿ ಐದು ತಿಂಗಳು ಅವರ ಮನೆಯಲ್ಲಿದ್ದೆ. ಊರಿನ ಹೆಸರು ಕೇರಿ. ನಮ್ಮ ಕನ್ನಡದ ಕೇರಿಯಲ್ಲ, ಅವರ ಉಚ್ಚಾರವೇ ಹಾಗೆ. ಅಲ್ಲಿಯೂ ನೆರೆಯ ಮಾರಿಸ್‌ವಿಲ್ ಎಂಬಲ್ಲಿಯೂ ಭಾರತೀಯರು ಬಹಳ. ಸಂಜೆ ತಿರುಗಾಡಲು ಹೋದರೆ ತೆಲುಗು, ಮರಾಠಿ, ಕನ್ನಡ ಕಿವಿಗೆ ಬೀಳುತ್ತವೆ.

ಒಂದು ದಿನ ಶಾಲಾ ಮಂಡಳಿಯಿಂದ ಪತ್ರ ಬಂತು. ಮುಂದಿನ ವರ್ಷದಿಂದ ನಿಮ್ಮ ಓಣಿಯ ಮಕ್ಕಳಿಗೆ ಬೇರೊಂದು ಶಾಲೆ ಎಂದು ಗೊತ್ತುಮಾಡುವ ಯೋಚನೆಯಿದೆ ಎಂದು ಅದರಲ್ಲಿತ್ತು. ಹುಡುಗಿ ಕಂಗಾಲಾದಳು. "ಮಾಮಾ, ಇಲ್ಲಿ ಮನಿ ತಗೊಳ್ಳೂ ಮುಂದ ಮೊದಲ ಸಾಲಿ ನೋಡತಾರ, ಆಮ್ಯಾಲ ಮನಿ. ಆ ಸಾಲಿ ಸಲುವಾಗೇ ಇಷ್ಟು ಸಾಲ ಮಾಡೀವಿ" ಎಂದಳು. ಸಾಲದ ಮಾತು ನನಗೆ ತಿಳಿಯುತ್ತದೆ. ಶಾಲೆಯ ಮಾತು ತಿಳಿಯಲೆಂದು ಅಲ್ಲಿನ ಸಾರ್ವಜನಿಕ ವಾಚನಾಲಯಕ್ಕೆ ಹೋಗಿ ಕೂತೆ. ಓದುತ್ತ ಹೋದಂತೆ ಆ ಪತ್ರದ ಹಿಂದೆ ಐವತ್ತು ವರ್ಷದ ಕಥೆ ಇದೆ ಎಂದು ಗೊತ್ತಾಯಿತು.

ಕೇರಿ ಊರು ಇರುವುದು ವೇಕ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದಿಟ್ಟುಕೊಳ್ಳಿ. ವಿಸ್ತಾರದಲ್ಲಿ ಅದು ಅಕ್ಕಲಕೋಟೆ ತಾಲೂಕಿಗಿಂತ ದೊಡ್ಡದು, ಸೊಲ್ಲಾಪುರ ಜಿಲ್ಲೆಗಿಂತ ಬಹಳ ಚಿಕ್ಕದು. ರಾಜ್ಯದ ರಾಜಧಾನಿ ರಾಲಿ ಅದರ ನಡುವೆ ಇದೆ. ದಕ್ಷಿಣದ ರಾಜ್ಯವಾದ್ದರಿಂದ ಅಲ್ಲಿ ಬಿಳಿಯ ಮಕ್ಕಳಿಗೆ ಒಂದು ಶಾಲೆ, ಕಪ್ಪು ಮಕ್ಕಳಿಗೆ ಇನ್ನೊಂದು ಎಂಬುದು ಕಾನೂನೇ ಆಗಿತ್ತು. ರಾಲಿಯ ಆಗ್ನೇಯ ಭಾಗದಲ್ಲಿ ಲಿಗಾನ್ ಎಂಬ ಹೈಸ್ಕೂಲನ್ನು 1953ರಲ್ಲಿ ಕಪ್ಪು ಮಕ್ಕಳಿಗೆಂದೇ ತೆರೆದರು. ಮರುವರ್ಷ, 1954ರ ಮೇ 17ರಂದು, ಬ್ರೌನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಪ್ರತ್ಯೇಕ ಶಾಲೆಗಳು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ತೀರ್ಪು ದೆಹಲಿಯದಾಗಲಿ ವಾಷಿಂಗ್ಟನ್ನಿನದಾಗಲಿ, ಹಳ್ಳಿಗೆ ಬಂದು ಮುಟ್ಟಲು ಕಾಲ ಹಿಡಿಯುತ್ತದೆ. 1971ರಲ್ಲಿ ಅದೇ ರಾಜ್ಯದ ಶಾರ್ಲಟ್ ನಗರದ ಮೊಕದ್ದಮೆಯಲ್ಲಿ, ಮಕ್ಕಳನ್ನು ಬೆರೆಸಲು ಬಸ್ಸಿನಲ್ಲಿ ದೂರದ ಶಾಲೆಗೆ ಕಳಿಸಬಹುದು ಎಂದು ಅದೇ ಕೋರ್ಟು ಹೇಳಿದ ಮೇಲೆಯೇ ಗಾಡಿ ನಿಜವಾಗಿ ಹೊರಟಿತು.

ಗಾಡಿ ಹೊರಟ ಕೂಡಲೇ ಬಿಳಿಯರೂ ಹೊರಟರು, ಊರು ಬಿಟ್ಟು. ರಾಲಿ ನಗರದ ಶಾಲಾ ಮಂಡಳಿ ಬೇರೆ, ಸುತ್ತಲಿನ ಕೌಂಟಿಯ ಶಾಲಾ ಮಂಡಳಿ ಬೇರೆ ಇತ್ತು. ನಗರದ ಗೆರೆ ದಾಟಿ ಮನೆ ಕಟ್ಟಿಕೊಂಡರೆ ಕೋರ್ಟಿನ ಆಜ್ಞೆ ಅಲ್ಲಿಗೆ ಬರುತ್ತಿರಲಿಲ್ಲ. ನಗರದಲ್ಲಿ ಬಡವರು ಉಳಿದರು, ತೆರಿಗೆ ಕಟ್ಟುವವರು ಹೋದರು.

ಗೆರೆಯ ಮಾತು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1956ರ ನವೆಂಬರ್ 1ರಂದು ಎಳೆದ ಗೆರೆಯ ಈಚೆ ಕುಳಿತು ನಾನು ನಿಮ್ಮೊಡನೆ ಮಾತಾಡುತ್ತಿದ್ದೇನೆ. ನಕಾಶೆಯ ಮೇಲೆ ಪೆನ್ಸಿಲು ಎತ್ತ ಹೊರಳಿತು ಎಂಬುದರ ಮೇಲೆ ಮಗುವಿನ ಶಾಲೆ, ಪುಸ್ತಕ, ನೌಕರಿ ಎಲ್ಲ ನಿಂತಿರುತ್ತವೆ. ಅಮೆರಿಕದಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದು ಡೆಟ್ರಾಯಿಟ್. ಆ ಮೋಟಾರು ಕಾರಖಾನೆಗಳ ನಗರದಲ್ಲೂ ಇದೇ ತೊಡಕು ಹುಟ್ಟಿ, ಹೊರವಲಯದ ಶ್ರೀಮಂತ ಊರುಗಳ ಶಾಲೆಗಳನ್ನೂ ಸೇರಿಸಿ ಮಕ್ಕಳನ್ನು ಬೆರೆಸಬೇಕು ಎಂಬ ಬೇಡಿಕೆ ಸುಪ್ರೀಂ ಕೋರ್ಟಿಗೆ ಹೋಯಿತು. 1974ರ ಜುಲೈಯಲ್ಲಿ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಆಗದು ಎಂದರು, ನಾಲ್ವರು ಆಗಬೇಕು ಎಂದರು. ಹೊರ ಊರುಗಳ ತಪ್ಪು ಸಾಬೀತಾಗದೆ ಅವುಗಳ ಗೆರೆ ದಾಟುವಂತಿಲ್ಲ ಎಂಬುದು ಬಹುಮತದ ಮಾತು. ಒಂದು ಮತದಿಂದ ಆ ನಗರದ ಶಾಲೆಗಳ ಹಣೆಬರಹ ನಿಶ್ಚಯವಾಯಿತು.

ವೇಕ್ ಕೌಂಟಿಯಲ್ಲಿ ಆದದ್ದು ಬೇರೆ. ಎರಡೂ ಮಂಡಳಿ ಕೂಡಿಸೋಣವೇ ಎಂದು 1973ರಲ್ಲಿ ಜನರನ್ನೇ ಕೇಳಿದರು. ನಾಲ್ಕು ಪಾಲಿನಲ್ಲಿ ಸುಮಾರು ಮೂರು ಪಾಲು ಜನ ಬೇಡ ಎಂದು ಮತ ಹಾಕಿದರು. ಆದರೆ ರಾಲಿಯ ವ್ಯಾಪಾರಸ್ಥರು ಲೆಕ್ಕ ಬಲ್ಲವರು. ನಗರದ ನಡುಭಾಗ ಹಾಳುಬಿದ್ದರೆ ಅಂಗಡಿಯೂ ಇಲ್ಲ, ಬ್ಯಾಂಕೂ ಇಲ್ಲ ಎಂದು ಅವರಿಗೆ ಹೊಳೆಯಿತು. ಹತ್ತಿರದಲ್ಲೇ 1959ರಲ್ಲಿ ಶುರುವಾದ ಸಂಶೋಧನಾ ಉದ್ಯಾನವಿತ್ತು, 1965ರಲ್ಲಿ ಐ.ಬಿ.ಎಂ. ಅಲ್ಲಿಗೆ ಬರುವುದಾಗಿ ಹೇಳಿತ್ತು, ಇನ್ನೂ ಕಂಪನಿಗಳು ಬರಬೇಕಾಗಿದ್ದವು. ಶಾಲೆ ಕೆಟ್ಟ ಊರಿಗೆ ಕಂಪನಿ ಬರುವುದಿಲ್ಲ. ಕೊನೆಗೆ ರಾಜ್ಯದ ಶಾಸನಸಭೆಯ ಕಾನೂನಿನ ಬಲದಿಂದ 1976ರ ಜುಲೈಯಲ್ಲಿ ಎರಡೂ ಮಂಡಳಿ ಒಂದಾದವು. ಜನ ಬೇಡವೆಂದದ್ದನ್ನು ಮಾಡಿದ್ದು ಸರಿಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ನನಗೂ ಆ ಪ್ರಶ್ನೆ ಚುಚ್ಚುತ್ತದೆ. ಆದರೆ ಡೆಟ್ರಾಯಿಟಿನಲ್ಲಿ ದಾಟಲಾಗದ ಗೆರೆಯನ್ನು ಇಲ್ಲಿ ಅಳಿಸಿಬಿಟ್ಟಿದ್ದರು, ಮುಂದಿನದೆಲ್ಲ ಸಾಧ್ಯವಾದದ್ದು ಅದರಿಂದ. ನಾನು ಮ್ಯಾಟ್ರಿಕ್ ಪಾಸಾದ ವರ್ಷವೂ ಅದೇ.

1982ರಲ್ಲಿ ಇನ್ನೊಂದು ಜಾಣತನ ಮಾಡಿದರು. ಬಡವರ ಓಣಿಗಳ ಶಾಲೆಗಳಿಗೆ ಸಂಗೀತ, ಚಿತ್ರಕಲೆ, ಹೆಚ್ಚಿನ ವಿಜ್ಞಾನ, ಹೊರದೇಶದ ಭಾಷೆಗಳು ಎಂದು ಬೇರೆಲ್ಲೂ ಸಿಗದ ಪಾಠಗಳನ್ನು ಇಟ್ಟರು. ಇವುಗಳಿಗೆ ಮ್ಯಾಗ್ನೆಟ್ ಶಾಲೆ ಎಂದು ಹೆಸರು. ಸೂಜಿಗಲ್ಲಿನ ಹಾಗೆ ದೂರದ ಮಕ್ಕಳನ್ನು ಎಳೆಯುವ ಶಾಲೆ. ಕಪ್ಪು ಮಕ್ಕಳಿಗೆಂದು ಕಟ್ಟಿದ ಲಿಗಾನ್ ಹೀಗೆ ಮ್ಯಾಗ್ನೆಟ್ ಮಾಧ್ಯಮಿಕ ಶಾಲೆಯಾಯಿತು. ಹೊರವಲಯದ ಶ್ರೀಮಂತ ತಂದೆತಾಯಿಗಳು ಮಕ್ಕಳನ್ನು ಅಲ್ಲಿಗೆ ಸೇರಿಸಲು ಅರ್ಜಿ ಹಾಕಿದರು. ಒತ್ತಾಯವಿಲ್ಲದೆ ಆದ ಬೆರಕೆ ಇದು. ಜೊತೆಗೆ ಪ್ರತಿ ಶಾಲೆಯಲ್ಲಿ ಅಲ್ಪಸಂಖ್ಯಾತ ಮಕ್ಕಳು ನೂರಕ್ಕೆ 15ಕ್ಕಿಂತ ಕಡಿಮೆ ಇರಬಾರದು, 45ಕ್ಕಿಂತ ಹೆಚ್ಚಾಗಬಾರದು ಎಂಬ ಅಳತೆಯನ್ನೂ ಇಟ್ಟುಕೊಂಡಿದ್ದರು.

1999ರಲ್ಲಿ ಆ ಭಾಗದ ಮೇಲ್ಮನವಿ ನ್ಯಾಯಾಲಯ, ಬೇರೆ ಊರುಗಳ ಮೊಕದ್ದಮೆಗಳಲ್ಲಿ, ಮಗುವಿನ ಬಣ್ಣ ನೋಡಿ ಶಾಲೆ ಹಂಚುವುದನ್ನು ತಪ್ಪೆಂದಿತು. ಹಳೆಯ ಅಳತೆ ಇನ್ನು ನಡೆಯದು ಎಂದು ವೇಕ್ ಮಂಡಳಿಗೆ ತಿಳಿಯಿತು. ಆಗ ಬಣ್ಣವನ್ನು ಬಿಟ್ಟು ಬಡತನವನ್ನು ಹಿಡಿದರು. 2000ದ ಜನವರಿಯಲ್ಲಿ ಮಾಡಿದ ನಿಯಮ ಎರಡೇ ಸಾಲಿನದು. ಯಾವ ಶಾಲೆಯಲ್ಲೂ ಪುಕ್ಕಟೆ ಇಲ್ಲವೆ ರಿಯಾಯಿತಿ ದರದ ಊಟ ಮಾಡುವ ಮಕ್ಕಳು ನೂರಕ್ಕೆ 40ಕ್ಕಿಂತ ಹೆಚ್ಚಿರಬಾರದು. ಓದಿನಲ್ಲಿ ತರಗತಿಯ ಮಟ್ಟಕ್ಕಿಂತ ಹಿಂದುಳಿದವರು ನೂರಕ್ಕೆ 25ಕ್ಕಿಂತ ಹೆಚ್ಚಿರಬಾರದು.

ಊಟಕ್ಕೂ ಬಡತನಕ್ಕೂ ಏನು ಸಂಬಂಧ ಎಂದು ನೀವು ಕೇಳುತ್ತೀರಿ. 1946ರ ಕಾಯದೆಯಿಂದ ಅಮೆರಿಕದ ಶಾಲೆಗಳಲ್ಲಿ ಮಧ್ಯಾಹ್ನದ ಊಟ ನಡೆದಿದೆ. ಅಲ್ಲಿ ಉಳ್ಳವರ ಮಗು ಹಣ ಕೊಟ್ಟು ಉಣ್ಣುತ್ತದೆ. ಸರ್ಕಾರ ಗೊತ್ತುಮಾಡಿದ ಬಡತನದ ರೇಖೆಗಿಂತ ಆದಾಯ ಶೇಕಡಾ 30ರವರೆಗೆ ಹೆಚ್ಚಿದ್ದರೂ ಊಟ ಪುಕ್ಕಟೆ. ಶೇಕಡಾ 85ರವರೆಗೆ ಹೆಚ್ಚಿದ್ದರೆ ರಿಯಾಯಿತಿ. ನಮ್ಮ ಕಡೆ ತಹಸೀಲದಾರರಿಂದ ಉತ್ಪನ್ನದ ದಾಖಲೆ ತರುತ್ತೇವಲ್ಲ, ಹಾಗೆ ಅಲ್ಲಿ ಊಟದ ಅರ್ಜಿ. ನಮ್ಮ ದೇಶದಲ್ಲಿ 1995ರಲ್ಲಿ ಯೋಜನೆ ಬಂದಾಗ ಎಷ್ಟೋ ಕಡೆ ಮನೆಗೆ ಧಾನ್ಯ ಒಯ್ಯುತ್ತಿದ್ದರು; 2001ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಬೇಯಿಸಿದ ಖಿಚಡಿ ಬಂತು. ನಮ್ಮಲ್ಲಿ ಪಂಕ್ತಿಗೆ ಕೂತ ಎಲ್ಲರಿಗೂ ಒಂದೇ ಸೌಟು, ಆದ್ದರಿಂದ ಊಟದ ಪಟ್ಟಿ ನೋಡಿ ಬಡವರೆಷ್ಟು ಎಂದು ಹೇಳಲಾಗದು. ನನಗೆ ನಮ್ಮ ಪದ್ಧತಿಯೇ ಮೇಲೆನಿಸಿತು, ಅದಿರಲಿ. ವೇಕ್ ಮಂಡಳಿಗೆ ಆ ಪಟ್ಟಿಯೇ ತಕ್ಕಡಿಯಾಯಿತು.

ಬಡವರನ್ನು ಎಲ್ಲ ಶಾಲೆಗೂ ಸಮನಾಗಿ ಹಂಚುವುದರಿಂದ ಆಗುವುದೇನು? ಜೇಮ್ಸ್ ಕೋಲ್‌ಮನ್ ಎಂಬ ಸಮಾಜಶಾಸ್ತ್ರಜ್ಞರು ಆರು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪರೀಕ್ಷಿಸಿ 1966ರಲ್ಲಿ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಮಗುವಿನ ಓದಿನ ಮೇಲೆ ಎಲ್ಲಕ್ಕಿಂತ ಹೆಚ್ಚಿನ ಪ್ರಭಾವ ಮನೆಯದು. ಶಾಲೆಯೊಳಗಿನ ಸಂಗತಿಗಳಲ್ಲಿ ಕಟ್ಟಡ, ಸಾಮಾನುಗಳಿಗಿಂತ ಹೆಚ್ಚು ಪ್ರಭಾವ ಪಕ್ಕದಲ್ಲಿ ಕೂಡುವ ಮಕ್ಕಳದು ಎಂದು ಅದರಲ್ಲಿ ಕಂಡಿತು. ಇದನ್ನು ಓದಿದಾಗ ನನಗೆ ಗೌಡರ ಹಂಚು ನೆನಪಾಯಿತು. ಪಕ್ಕದ ಮಗುವಿನ ಜೊತೆ ಅದರ ತಂದೆತಾಯಿಯೂ ಶಾಲೆಗೆ ಬರುತ್ತಾರೆ. ಒಳ್ಳೆಯ ಶಿಕ್ಷಕ ಬೇಕೆಂದು ಕೇಳುವವರು, ಉತ್ತರ ಬರದಿದ್ದರೆ ಮೇಲಿನವರಿಗೆ ಬರೆಯುವವರು ಅವರೇ. ಬರೇ ಬಡವರಿರುವ ಶಾಲೆಗೆ ಈ ದನಿ ಇರುವುದಿಲ್ಲ, ಅನುಭವವಿರುವ ಗುರುಜಿ ಅಲ್ಲಿಂದ ವರ್ಗ ಮಾಡಿಸಿಕೊಂಡು ಹೋಗುತ್ತಾನೆ.

ನಡೆಸಿದ ರೀತಿ ಹೀಗಿತ್ತು. ಇಡೀ ಕೌಂಟಿಯ ನಕಾಶೆಯನ್ನು ಸಣ್ಣ ಸಣ್ಣ ತುಂಡು ಮಾಡಿದರು, ಒಂದೊಂದು ತುಂಡು ಒಂದು ಓಣಿಯಷ್ಟೋ ಎರಡು ಓಣಿಯಷ್ಟೋ. ಪ್ರತಿ ತುಂಡಿನಲ್ಲಿ ಮಕ್ಕಳೆಷ್ಟು, ಊಟದ ಪಟ್ಟಿಯಲ್ಲಿರುವವರೆಷ್ಟು ಎಂದು ಬರೆದಿಟ್ಟರು. ಬಡವರು ಹೆಚ್ಚಾದ ಶಾಲೆಯಿಂದ ಒಂದು ತುಂಡನ್ನು ತೆಗೆದು ಕಡಿಮೆ ಇದ್ದ ಶಾಲೆಗೆ ಸೇರಿಸುವುದು. ನಾವು ಲೆಡ್ಜರಿನಲ್ಲಿ ಒಂದು ಖಾತೆಗೆ ಖರ್ಚು ಹಾಕಿ ಇನ್ನೊಂದಕ್ಕೆ ಜಮಾ ಮಾಡಿದಂತೆಯೇ. ಸಂಜೆ ಶಿಲ್ಕು ತಾಳೆಯಾದರೆ ಗುಮಾಸ್ತನಿಗೆ ಸಂತೋಷ. ಆದರೆ ಲೆಡ್ಜರಿನ ಅಂಕಿ ಮುಂಜಾನೆ ಕತ್ತಲಲ್ಲಿ ಎದ್ದು ಬಸ್ಸಿಗೆ ಕಾಯುವುದಿಲ್ಲ.

ಫಲ ಬಂತೇ? ಬಂತು. ಮೂರರಿಂದ ಎಂಟನೆಯ ತರಗತಿಯ ಕಪ್ಪು ಮಕ್ಕಳಲ್ಲಿ ತರಗತಿಗೆ ತಕ್ಕ ಮಟ್ಟ ಮುಟ್ಟಿದವರು 1995ರ ಸುಮಾರಿಗೆ ನೂರಕ್ಕೆ 40 ಇದ್ದದ್ದು 2005ರಲ್ಲಿ 80 ಆಯಿತು. ಎಲ್ಲ ಮಕ್ಕಳನ್ನು ಹಿಡಿದರೆ 79 ಇದ್ದದ್ದು 91 ಆಯಿತು. ಮಂಡಳಿಯ ಮುಖ್ಯಾಧಿಕಾರಿ ಬಿಲ್ ಮೆಕ್‌ನೀಲ್ ಅವರು 2004ರಲ್ಲಿ ಇಡೀ ದೇಶದ ಶ್ರೇಷ್ಠ ಶಾಲಾಧಿಕಾರಿ ಎಂಬ ಗೌರವ ಪಡೆದರು. ಜೆರಾಲ್ಡ್ ಗ್ರಾಂಟ್ ಎಂಬ ಪ್ರಾಧ್ಯಾಪಕರು ತಮ್ಮ ಊರು ಸಿರಾಕ್ಯೂಸನ್ನೂ ರಾಲಿಯನ್ನೂ ಹೋಲಿಸಿ, ರಾಲಿಯಲ್ಲಿ ಕೆಟ್ಟ ಶಾಲೆಗಳೇ ಇಲ್ಲವೇಕೆ ಎಂದು 2009ರಲ್ಲಿ ಪುಸ್ತಕವನ್ನೇ ಬರೆದರು. ಆದರೆ ಬಡತನ ಹಂಚಿದ್ದರಿಂದಲೇ ಇಷ್ಟೆಲ್ಲ ಆಯಿತೆಂದು ಹೇಳಿದರೆ ಲೆಕ್ಕ ತಪ್ಪಾಗುತ್ತದೆ. ಆಗಿನ ಪರೀಕ್ಷೆ ಸುಲಭವಾಗಿತ್ತು. ರಾಜ್ಯ ಪರೀಕ್ಷೆಯನ್ನು ಬಿಗಿ ಮಾಡಿದ ಮೇಲೆ ಅಂಕಿಗಳು ಇಳಿದವು. ಬಡ ಮಕ್ಕಳಲ್ಲಿ ಹೈಸ್ಕೂಲು ಮುಗಿಸುವವರು ಇನ್ನೂ ಕಡಿಮೆ ಎಂದು ವಿರೋಧಿಗಳು ತೋರಿಸಿದ್ದೂ ಸುಳ್ಳಲ್ಲ.

ಅಷ್ಟರಲ್ಲಿ ಜನ ಬರುತ್ತಲೇ ಇದ್ದರು. 2000ದಲ್ಲಿ ಲಕ್ಷಕ್ಕೆ ಹತ್ತಿರವಿದ್ದ ಮಕ್ಕಳ ಸಂಖ್ಯೆ 2009ಕ್ಕೆ ಸುಮಾರು 1 ಲಕ್ಷ 40 ಸಾವಿರಕ್ಕೆ ಏರಿತು. ಹೊಸ ಶಾಲೆ ಕಟ್ಟಿದಷ್ಟೂ ಸಾಲದು. ಒಂದು ಹೊಸ ಶಾಲೆ ತೆರೆದರೆ ಸುತ್ತಲಿನ ನಾಲ್ಕು ಶಾಲೆಗಳ ತುಂಡುಗಳು ಕದಲುತ್ತವೆ. ವರ್ಷವರ್ಷವೂ ಸಾವಿರಾರು ಮಕ್ಕಳ ಶಾಲೆ ಬದಲಾಗುತ್ತಿತ್ತು. ಹೆಚ್ಚಿನ ಬದಲಾವಣೆ ಜಾಗದ ಸಲುವಾಗಿ, ಬಡತನದ ಸಲುವಾಗಿ ಅಲ್ಲ. ಆದರೆ ಪತ್ರ ಬಂದ ಮನೆಯವರಿಗೆ ಕಾರಣ ಯಾವುದಾದರೇನು, ಸಿಟ್ಟೆಲ್ಲ ನಲವತ್ತರ ನಿಯಮದ ಮೇಲೆ ಹೋಯಿತು. ಜಾಗ ಸಾಲದೆ ಕೆಲವು ಶಾಲೆಗಳನ್ನು ಬೇಸಿಗೆ ರಜೆಯಿಲ್ಲದೆ ವರ್ಷವಿಡೀ ಸರದಿಯ ಮೇಲೆ ನಡೆಸಿದಾಗ ಇನ್ನಷ್ಟು ಉರಿಯಿತು. ಬಡವರ ಸಂಖ್ಯೆಯೂ ಬೆಳೆದು, ಎಷ್ಟೋ ಶಾಲೆಗಳು ನಲವತ್ತನ್ನು ದಾಟಿಯೇಬಿಟ್ಟವು. ನಿಯಮ ಕಾಗದದ ಮೇಲೆ ಮಾತ್ರ ಉಳಿಯುತ್ತ ಬಂತು.

ನನಗೆ ಕಂಡ ಒಂದು ದೋಷವನ್ನು ಹೇಳಲೇಬೇಕು. ಉಳ್ಳವರ ಮಗು ಮ್ಯಾಗ್ನೆಟ್ ಶಾಲೆಗೆ ಬರುವುದು ತಾನಾಗಿ ಅರ್ಜಿ ಹಾಕಿ. ಬಡವರ ಮಗು ಹೊರವಲಯಕ್ಕೆ ಹೋಗುವುದು ಪಟ್ಟಿಯಲ್ಲಿ ಹೆಸರು ಬಂದದ್ದಕ್ಕೆ. ತನ್ನ ಓಣಿಯಲ್ಲೇ ಒಳ್ಳೆಯ ಶಾಲೆ ಇದ್ದರೂ ಆ ಜಾಗವನ್ನು ದೂರದಿಂದ ಬಂದವರಿಗೆ ಬಿಟ್ಟು ತಾನು ದೂರ ಹೋಗಬೇಕು. ಮಗುವಿಗೆ ಜ್ವರ ಬಂದಿದೆ ಎಂದು ಶಾಲೆಯಿಂದ ಫೋನು ಬಂದರೆ ಕಾರಿಲ್ಲದ ತಾಯಿ ಅಷ್ಟು ದೂರ ಹೇಗೆ ಹೋಗಬೇಕು? ಬಸ್ಸಿನ ಭಾರ ಇಬ್ಬರ ಮೇಲೂ ಒಂದೇ ಸಮ ಬೀಳಲಿಲ್ಲ.

2009ರ ಅಕ್ಟೋಬರಿನಲ್ಲಿ ಮಂಡಳಿಯ ನಾಲ್ಕು ಸ್ಥಾನಗಳಿಗೆ ಚುನಾವಣೆ. ಮತ ಹಾಕಲು ಬಂದವರೇ ಕಡಿಮೆ, ಬಂದವರು ಸಿಟ್ಟಾದವರು. ನೆರೆಹೊರೆಯ ಶಾಲೆ ಬೇಕು ಎಂದವರು ನಾಲ್ಕೂ ಸ್ಥಾನ ಗೆದ್ದು, ಮೊದಲೇ ಇದ್ದ ಒಬ್ಬರೊಂದಿಗೆ ಸೇರಿ ಒಂಬತ್ತರಲ್ಲಿ ಐದಾದರು. ಅಧಿಕಾರಿ ಡೆಲ್ ಬರ್ನ್ಸ್ ಇಂಥ ನೀತಿಯನ್ನು ನಡೆಸಲಾರೆ ಎಂದು ರಾಜೀನಾಮೆ ಕೊಟ್ಟರು. 2010ರ ಮಾರ್ಚ್ 23ರಂದು ಐದಕ್ಕೆ ನಾಲ್ಕು ಮತಗಳಿಂದ ಹಳೆಯ ನೀತಿ ರದ್ದಾಯಿತು. ಡೆಟ್ರಾಯಿಟಿನಲ್ಲೂ ಐದಕ್ಕೆ ನಾಲ್ಕೇ ಆಗಿತ್ತು ನೋಡಿ.

ವಿಚಿತ್ರವೆಂದರೆ, ಅಲ್ಲಿ ಮುರಿದ ಒಂಬತ್ತನೆಯ ದಿನ, 2010ರ ಏಪ್ರಿಲ್ 1ರಂದು, ನಮ್ಮ ದೇಶದಲ್ಲಿ ಶಿಕ್ಷಣ ಹಕ್ಕು ಕಾಯದೆ ಜಾರಿಗೆ ಬಂತು. ಖಾಸಗಿ ಶಾಲೆಗಳ ಮೊದಲ ತರಗತಿಯಲ್ಲಿ ಕನಿಷ್ಠ ನೂರಕ್ಕೆ 25 ಸ್ಥಾನ ನೆರೆಯ ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಎಂಬ ಕಲಮು ಅದರಲ್ಲಿದೆ. ಉದ್ದೇಶ ಒಂದೇ, ದಿಕ್ಕು ಬೇರೆ. ನಾವು ಬಡವರ ಮಗುವನ್ನು ಉಳ್ಳವರ ಶಾಲೆಗೆ ಕಳಿಸಹೊರಟೆವು; ವೇಕ್‌ನವರು ಉಳ್ಳವರನ್ನು ಸರ್ಕಾರಿ ಶಾಲೆಯಲ್ಲೇ ಹಿಡಿದಿಡಲು ನೋಡಿದರು. ನಮ್ಮ ಊರ ಶಾಲೆಯಲ್ಲಿ ಉಳಿದ ಮಕ್ಕಳ ಬಗ್ಗೆ ಆ ಕಲಮಿನಲ್ಲಿ ಏನೂ ಇಲ್ಲ.

ರಾಲಿಯಲ್ಲಿ ಆ ಬೇಸಿಗೆ ಬೀದಿಗೆ ಬಂತು. ಕಪ್ಪು ಜನರ ಹಳೆಯ ಸಂಘಟನೆಯಾದ ಎನ್.ಎ.ಎ.ಸಿ.ಪಿ.ಯ ರಾಜ್ಯಾಧ್ಯಕ್ಷ, ಪಾದ್ರಿ ವಿಲಿಯಂ ಬಾರ್ಬರ್, ಮಂಡಳಿಯ ಸಭೆಯಲ್ಲೇ ಧರಣಿ ಕೂತು ಜೂನಿನಲ್ಲಿ ಬಂಧಿತರಾದರು. ಜುಲೈ 20ರಂದು ಮೆರವಣಿಗೆ ನಡೆದು 19 ಮಂದಿಯನ್ನು ಪೊಲೀಸರು ಹಿಡಿದರು. 2011ರ ಚುನಾವಣೆಯಲ್ಲಿ ಗಾಳಿ ತಿರುಗಿತು. ಹಳೆಯ ನೀತಿ ಮುರಿದವರ ಬಹುಮತ ಹೋಯಿತು. ಹೊಸ ಮಂಡಳಿ 2013ರಲ್ಲಿ ಮಾಡಿದ ನೀತಿಯಲ್ಲಿ ಬಡ ಮಕ್ಕಳು ಒಂದೇ ಶಾಲೆಯಲ್ಲಿ ಒಟ್ಟುಗೂಡದಂತೆ ನೋಡಿಕೊಳ್ಳಬೇಕು ಎಂಬ ಮಾತು ಮತ್ತೆ ಸೇರಿತು. ಆದರೆ ನೂರಕ್ಕೆ ನಲವತ್ತು ಎಂಬ ಅಂಕಿ ಬರಲಿಲ್ಲ. ಮನೆಗೆ ಹತ್ತಿರ, ಶಾಲೆಯಲ್ಲಿ ಜಾಗ, ಪದೇ ಪದೇ ಬದಲಿಲ್ಲದಿರುವುದು, ಇವುಗಳ ಜೊತೆಗೆ ಅದೂ ಒಂದು. ಮ್ಯಾಗ್ನೆಟ್ ಶಾಲೆಗಳು ಮಾತ್ರ ಎಲ್ಲ ಜಗಳ ದಾಟಿ ಉಳಿದುಕೊಂಡಿವೆ.

ಇಷ್ಟು ಓದಿ ಮನೆಗೆ ಬಂದು, ಹುಡುಗನಿಗೆ ಗೊತ್ತುಮಾಡಿದ ಹೊಸ ಶಾಲೆ ಯಾಕೆ ಬೇಡ ಎಂದು ಮಗಳನ್ನು ಕೇಳಿದೆ. "ಅಲ್ಲಿ ಮಾರ್ಕ್ಸ ಕಡಿಮಿ ಅದಾವ ಮಾಮಾ" ಎಂದಳು. ಊಟದ ಪಟ್ಟಿಯಲ್ಲಿ ಎಷ್ಟು ಮಕ್ಕಳಿದ್ದಾರೆ ನೋಡು ಎಂದೆ. ನೋಡಿ ಸುಮ್ಮನಾದಳು. ಅಲ್ಲಿನ ಮಂಡಳಿಯ ಸಭೆಯಲ್ಲಿ ಯಾರು ಬೇಕಾದರೂ ಹೆಸರು ಬರೆಸಿ ಎರಡು ಮೂರು ನಿಮಿಷ ಮಾತಾಡಬಹುದು. ಅವಳು ಮೊದಲೇ ಕಾಗದದಲ್ಲಿ ವಿರೋಧವೆಲ್ಲ ಬರೆದಿಟ್ಟಿದ್ದಳು. ಸಭೆಗೆ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸರದಿ ಬಂದಾಗ ಕಾಗದ ಮಡಚಿ, ಬಸ್ಸು ಬಹಳ ಬೇಗ ಬರುತ್ತದೆ, ಚಳಿಗಾಲದಲ್ಲಿ ಸ್ವಲ್ಪ ತಡವಾಗಿ ಬಿಡಿ ಎಂದಷ್ಟೇ ಹೇಳಿ ಬಂದಳು. ದಾರಿಯಲ್ಲಿ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹುಡುಗ ಈಗ ಆ ಶಾಲೆಗೇ ಹೋಗುತ್ತಿದ್ದಾನೆ. ಬಸ್ಸಿನ ವೇಳೆ ಬದಲಾಗಲಿಲ್ಲ. ಮೊನ್ನೆ ಫೋನಿನಲ್ಲಿ ಮಾತಾಡುವಾಗ, ಶಾಲೆಯ ಲೈಬ್ರರಿಯ ಮಾಡು ಸೋರಿ ಒಂದು ಕಪಾಟಿನ ಪುಸ್ತಕ ತೊಯ್ದಿದ್ದವು, ಮೇಲಿನವರಿಗೆ ನಾಲ್ಕು ಸಲ ಪತ್ರ ಬರೆದೆ, ಹೋದ ವಾರ ಬಂದು ದುರಸ್ತಿ ಮಾಡಿ ಹೋದರು ಎಂದು ಮಗಳು ಹೇಳಿದಳು.